ಕಾಣದ ಕಡೆಯ ತುಕ್ಕು

ನಾನು ಚಿಕ್ಕವಳಾಗಿದ್ದಾಗ ನಮ್ಮೂರಿಗೆ ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸುವುದಕ್ಕೆ ಮೊದಲು ಅವನಿಗೆ ಒಂದು ದೊಡ್ಡ ಕೆಲಸವಿರುತ್ತಿತ್ತು. ಹಿತ್ತಾಳೆ ಹಂಡೆಯೊಳಗೆ ಮರಳು ಹಾಕಿ, ಅದರಲ್ಲಿ ನಿಂತು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತಾ ಕಾಲಿನಿಂದಲೇ ಪಾತ್ರೆ ಉಜ್ಜುತ್ತಿದ್ದ. ನಮಗೆ ಮಕ್ಕಳಿಗೆ ಅದೊಂದು ಕುಣಿತ, ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಚೆಲ್ಲಿ, ಹೊಗೆ ಏಳುವಾಗ ತವರ ಸವರಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಆಗುತ್ತಿತ್ತು. ಉಜ್ಜುವುದರಲ್ಲಿ ಮೋಸ ಮಾಡುವ ಹಾಗಿರಲಿಲ್ಲ. ಒಂದು ಬೆರಳಿನಷ್ಟು ಜಾಗದಲ್ಲಿ ಕೊಳೆ ಉಳಿದರೂ ಅಲ್ಲಿ ತವರ ಹಿಡಿಯುತ್ತಿರಲಿಲ್ಲ.

ಈ ಕಲಾಯಿಯವನನ್ನು ಇಷ್ಟು ವರ್ಷಗಳ ಮೇಲೆ ನೆನೆಸಿಕೊಂಡದ್ದು ಒಂದು ಜೀಪಿನ ದೆಸೆಯಿಂದ. ಹೆಂಗಸರಿಗೆ ಜೀಪಿನ ಅಡಿಯಲ್ಲೇನು ಕೆಲಸ ಎಂದು ಪುಟ ತಿರುವಬೇಡಿ. ಜೀಪಿನ ಅಡಿಯನ್ನು ನಾನು ಹನ್ನೆರಡು ವರ್ಷ ಕಣ್ಣಾರೆ ನೋಡಿದವಳು.

1996ರಲ್ಲಿ ನಾನು ಮದುವೆಯಾಗಿ ತೀರ್ಥಹಳ್ಳಿ ಸೀಮೆಯ ಈ ಮನೆಗೆ ಬಂದೆ. ಅದೇ ವರ್ಷ ಮನೆಗೆ ಮಹೀಂದ್ರ ಜೀಪೂ ಬಂತು. ಯಾರ ಕಾಲ್ಗುಣದಿಂದ ಯಾರು ಬಂದರೆಂದು ಅತ್ತೆಯವರು ಆಗಾಗ ತಮಾಷೆ ಮಾಡುತ್ತಿದ್ದರು. 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ ಆ ಕಂಪನಿಗೆ ಮಲೆನಾಡಿನ ಮೇಲೆ ಏನು ಮಮತೆಯಿತ್ತೋ ಗೊತ್ತಿಲ್ಲ, ಮಲೆನಾಡಿನವರಿಗಂತೂ ಆ ಗಾಡಿಯ ಮೇಲೆ ಮಮತೆ. ಅಡಿಕೆ ಮೂಟೆ, ಗೊಬ್ಬರ, ಬಾಣಂತಿ, ಮದುವೆಯ ದಿಬ್ಬಣ, ಕೊನೆಗೆ ಆಸ್ಪತ್ರೆಯಿಂದ ತರುವ ಹೆಣ, ಎಲ್ಲಕ್ಕೂ ಅದೇ. ನಮ್ಮದು ಆಗುಂಬೆ ರಸ್ತೆಯಿಂದ ಮೂರು ಮೈಲಿ ಒಳಗೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಅಂಥ ಮಳೆಯಲ್ಲಿ ನಾಲ್ಕು ತಿಂಗಳು ಕೆಸರಿನಲ್ಲಿ ಈಜಿದ ಗಾಡಿಯ ಅಡಿ ಹೇಗಿರುತ್ತದೆಂದು ನೀವೇ ಊಹಿಸಿ.

ಮಾವನವರು ವರ್ಷಕ್ಕೆ ಎರಡು ಸಲ ಅದರ ಅಡಿ ತೊಳೆಯುತ್ತಿದ್ದರು. ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಅಂಗಳದ ಕೆಳಗಿನ ಇಳಿಜಾರಿನಲ್ಲಿ ಎರಡು ದಪ್ಪ ಹಲಗೆ ಹಾಕಿ ಜೀಪನ್ನು ಅದರ ಮೇಲೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ ಅಂಗಾತ ಮಲಗಿ ಒಳಗೆ ಸರಿಯುವರು. ಬ್ಯಾಟರಿ ಹಿಡಿಯುವ ಕೆಲಸ ನನ್ನದು. ಹೊಸ ಸೊಸೆಗೆ ಇದೆಂಥ ಕೆಲಸ ಎಂದು ಮೊದಲ ವರ್ಷ ನಾನು ಮುಖ ಊದಿಸಿಕೊಂಡದ್ದೂ ಉಂಟು. ಇವರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ, ಮೈದುನ ಬೆಂಗಳೂರಿನಲ್ಲಿದ್ದ. ಹೀಗಾಗಿ ಆ ಪಾಠಕ್ಕೆ ನಾನೊಬ್ಬಳೇ ವಿದ್ಯಾರ್ಥಿನಿ.

ಪಾಠ ಚೆನ್ನಾಗಿಯೇ ಆಯಿತು. ಒಣಗಿದ ಕೆಸರನ್ನು ಕಿತ್ತು ತೆಗೆಯಬಾರದು, ಹಿಂದಿನ ರಾತ್ರಿಯೇ ನೀರು ಚಿಮುಕಿಸಿ ನೆನೆಯಲು ಬಿಡಬೇಕು. ಬೆಳಿಗ್ಗೆ ಬಿದಿರಿನ ಸೀಳಿನಿಂದ ಮೂಲೆಮೂಲೆಯ ಮಣ್ಣು ಕೆದಕಬೇಕು. ಪೈಪು ಹಿಡಿದು ನೀರು ರಭಸವಾಗಿ ಹೊಡೆದರೆ ಕೊಳೆ ಬೇಗ ಹೋಗುತ್ತದೆ ನಿಜ, ಆದರೆ ಅದೇ ನೀರು ಬೇರಿಂಗಿನ ಒಳಗೆ ನುಗ್ಗಿ ಕೂರುತ್ತದೆ. ಚಾಸಿಯ ತಳದಲ್ಲಿ ಅಲ್ಲಲ್ಲಿ ನೀರು ಹೋಗಲೆಂದೇ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ನಿಂತ ನೀರಿಗೆ ದಾರಿಯಿಲ್ಲ. ಅವನ್ನು ಮಾವನವರು ಕೊಡೆಯ ಕಡ್ಡಿಯಿಂದ ಒಂದೊಂದಾಗಿ ಬಿಡಿಸುತ್ತಿದ್ದರು. ಆಮೇಲೆ ಎರಡು ಬಿಸಿಲು ಒಣಗಬೇಕು. ಒಣಗಿದ ಮೇಲೆ ತಂತಿ ಬ್ರಷ್ಷು, ತುಕ್ಕು ಉಜ್ಜಿ ಕಬ್ಬಿಣದ ಬಣ್ಣ ಕಂಡ ಮೇಲೆ ರೆಡ್ ಆಕ್ಸೈಡು, ಅದರ ಮೇಲೆ ಕಪ್ಪು ಬಣ್ಣ. ಸೈಲೆನ್ಸರಿಗೆ, ಬ್ರೇಕಿನ ಡ್ರಮ್ಮಿಗೆ, ರಬ್ಬರ್ ಪೈಪುಗಳಿಗೆ ಬಣ್ಣ ತಾಗಕೂಡದು. ಕೊನೆಗೆ ನಿಪ್ಪಲ್‌ಗಳಿಗೆ ಗ್ರೀಸು. ಹಳೆಯ ಗ್ರೀಸು ನೀರಿನ ಸಮೇತ ಹೊರಗೆ ಬಂದು ಹೊಸದು ಇಣುಕುವವರೆಗೆ ಒತ್ತಬೇಕು.

ಇವುಗಳ ನಡುವೆ ಒಂದು ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತಾ ಹೋಗುವರು, ಹಲಸಿನ ಹಣ್ಣು ಬಡಿದು ನೋಡಿದ ಹಾಗೆ. ಗಟ್ಟಿ ಕಬ್ಬಿಣ ‘ಠಣ್’ ಎನ್ನುತ್ತದೆ. ತುಕ್ಕು ತಿಂದ ಕಬ್ಬಿಣ ಮಾತಾಡುವುದಿಲ್ಲ, ‘ದೊಬ್’ ಎಂದು ಸುಮ್ಮನಾಗುತ್ತದೆ.

“ಮೇಲ್ಗಡೆ ಮಳೆಯೇ ತೊಳೀತದೆ. ಅಡಿ ನಾವೇ ತೊಳೀಬೇಕು ಮಾರಾಯ್ತಿ” ಎನ್ನುತ್ತಿದ್ದರು.

ಅವರ ಕೆಲಸವೆಲ್ಲ ಚೊಕ್ಕವಾಗಿತ್ತೆಂದು ಹೇಳಿದರೆ ತಪ್ಪಾದೀತು. ಬಣ್ಣ ಒಣಗಿದ ಮೇಲೆ ಅವರು ಇಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನೂ ಡೀಸೆಲನ್ನೂ ಬೆರೆಸಿ ಅಡಿಗೆಲ್ಲ ಬಳಿಯುತ್ತಿದ್ದರು. ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದೇ. ತೊಟ್ಟಿಕ್ಕಿದ ಆಯಿಲು ಇಳಿಜಾರಿನಲ್ಲಿ ಹರಿದು ಕೆಳಗಿನ ಮನೆಯವರ ತೋಟದ ಕಪ್ಪಿಗೆ ಸೇರುತ್ತಿತ್ತು. ಮೊದಲ ಮಳೆಗೆ ಕಪ್ಪಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುವುದನ್ನು ಕಂಡು ನನ್ನ ಮಗ ಚಪ್ಪಾಳೆ ತಟ್ಟುತ್ತಿದ್ದ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ ಎಂದು ಓದಿದಾಗ ಆ ಚಪ್ಪಾಳೆ ನೆನಪಾಯಿತು. ಜೀಪಿನ ಅಡಿಯನ್ನು ಅಷ್ಟು ಕಾಳಜಿಯಿಂದ ಕಂಡ ಮನುಷ್ಯನಿಗೆ ಕೆಳಗಿನವರ ತೋಟ ಕಾಣಲಿಲ್ಲ. ಬ್ಯಾಟರಿ ಹಿಡಿದಿದ್ದ ನನಗೂ ಕಾಣಲಿಲ್ಲ.

2008ರಲ್ಲಿ ಮಾವನವರು ತೀರಿಕೊಂಡರು. ಆಮೇಲೆ ಜೀಪನ್ನು ತೊಳೆಯುವುದೆಂದರೆ ಮೇಲೆ ತೊಳೆಯುವುದು ಎಂದಾಯಿತು. ನಾನಾದರೂ ಹೇಳಬಹುದಿತ್ತು. ಶಾಲೆ, ಅತ್ತೆಯವರ ಕಾಯಿಲೆ, ಮಗನ ಓದು. ಆರು ಮಳೆಗಾಲ ಕಳೆದದ್ದೇ ತಿಳಿಯಲಿಲ್ಲ.

ತುಕ್ಕಿಗೆ ಬೇಕಾದದ್ದು ಎರಡೇ, ನೀರು ಮತ್ತು ಗಾಳಿ. ಏಳನೆಯ ತರಗತಿಗೆ ನಾನೇ ಹೇಳಿಕೊಡುವ ಪಾಠ. ಹುಟ್ಟಿದ ತುಕ್ಕು ತನ್ನ ತಾಯಿ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಅದು ಉಬ್ಬಿ, ಪದರ ಪದರವಾಗಿ ಎದ್ದು, ಮೇಲಿನ ಬಣ್ಣವನ್ನೂ ಎಬ್ಬಿಸಿ, ಒಳಗಿನ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ. ಒಮ್ಮೆ ಮಕ್ಕಳನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗಿದ್ದೆವು. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಒಂದು ಹಳೆಯ ಕಬ್ಬಿಣದ ಕಂಬವಿದೆ. ಘಟ್ಟದ ಮಳೆಯೆಲ್ಲ ಅದರ ಮೇಲೆಯೇ. ನಾವು ಹತ್ತಿ ಬಂದ ಜೀಪಿನ ಬಾಗಿಲು ತುಕ್ಕು ಹಿಡಿದು ಉದುರುತ್ತಿರುವಾಗ ಈ ಕಂಬಕ್ಕೆ ಯಾಕೆ ಏನೂ ಆಗಿಲ್ಲ ಎಂದು ಒಬ್ಬ ಹುಡುಗ ಕೇಳಿದ. ದೆಹಲಿಯ ಕಬ್ಬಿಣದ ಕಂಬದ ವಿಷಯ ಓದಿದ್ದೆ. ಸುಮಾರು 1,600 ವರ್ಷದ ಆ ಕಬ್ಬಿಣದಲ್ಲಿ ರಂಜಕ ಹೆಚ್ಚಾಗಿದ್ದು, ಮೇಲೆ ಒಂದು ತೆಳುವಾದ ಪೊರೆ ಕಟ್ಟಿ ಅದೇ ಅದನ್ನು ಕಾಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದನ್ನೇ ಹೇಳಿದೆ. ಹೇಳುವಾಗ ಇನ್ನೊಂದೂ ಹೊಳೆಯಿತು. ಕಂಬದ ಮೇಲೆ ಎಷ್ಟೇ ಮಳೆ ಸುರಿದರೂ ಜಾರಿ ಹೋಗುತ್ತದೆ, ಬಿಸಿಲು ಬಂದರೆ ಒಣಗುತ್ತದೆ. ಜೀಪಿನ ಅಡಿಯಲ್ಲಿ ಹಾಗಲ್ಲ. ಅಲ್ಲಿ ಮೂಲೆಯ ಹಸಿಮಣ್ಣು ನೀರನ್ನು ಅಪ್ಪಿಕೊಂಡು ಕೂತಿರುತ್ತದೆ.

2014ರ ಬೇಸಗೆಯಲ್ಲಿ ಜೀಪು ಮಾರುವುದೆಂದಾಯಿತು. ಮಾರುವ ಮುಂಚೆ ಇವರು ಅದನ್ನು ಪೇಟೆಯ ಒಂದು ವರ್ಕ್‌ಶಾಪಿಗೆ ಬಿಟ್ಟರು. ಬಿಡುವ ಹಿಂದಿನ ಸಂಜೆ ನಾನು ಹಳೆಯ ಅಭ್ಯಾಸದಿಂದ ಬ್ಯಾಟರಿ ಹಿಡಿದು ಬಗ್ಗಿದೆ. ಹಿಂದಿನ ಎಡಗಡೆಯ ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವ ಜಾಗದಲ್ಲಿ ಕಬ್ಬಿಣ ಅಪ್ಪಚ್ಚಿಯ ಹಾಗೆ ಪದರ ಎದ್ದಿತ್ತು. ಸ್ಕ್ರೂಡ್ರೈವರಿನಿಂದ ಒತ್ತಿದೆ, ಒಳಗೇ ಹೋಯಿತು. ಇವರನ್ನು ಕರೆದು ತೋರಿಸಿದೆ. ನೋಡಿ ಹುಂ ಎಂದರು.

ಮರುದಿನ ಮಧ್ಯಾಹ್ನಕ್ಕೆ ಜೀಪು ವಾಪಸು ಬಂತು. ಅಡಿಯೆಲ್ಲ ಕಾಡಿಗೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಟಾರಿನಂಥ ಆ ದಪ್ಪ ಕೋಟಿಂಗನ್ನು ಮೆಷಿನ್ನಿನಿಂದ ಚಿಮ್ಮಿಸಿದ್ದರು. ಅರ್ಧ ದಿನದಲ್ಲಿ ನೆನೆಸಿ, ಕೆದಕಿ, ಒಣಗಿಸಿ, ಉಜ್ಜಲು ಸಾಧ್ಯವೇ? ಕೆಸರಿನ ಮೇಲೆಯೇ, ತುಕ್ಕಿನ ಮೇಲೆಯೇ ಹೊಡೆದಿದ್ದರು. ಆ ಕೋಟಿಂಗು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಉಜ್ಜಿದ, ಒಣಗಿದ ಕಬ್ಬಿಣಕ್ಕೆ ಹಾಕಿದರೆ ನೀರನ್ನು ಹೊರಗಿಟ್ಟು ವರ್ಷಗಟ್ಟಲೆ ಕಾಯುತ್ತದೆ. ತುಕ್ಕಿನ ಮೇಲೆ ಹಾಕಿದರೆ ಅದೇ ಮುಚ್ಚಳ ನೀರನ್ನು ಒಳಗೇ ಕೂಡಿಹಾಕುತ್ತದೆ. ಕಲಾಯಿಯವನ ತವರ ಕೊಳೆಯ ಮೇಲೆ ಹಿಡಿಯಲು ಒಪ್ಪುತ್ತಿರಲಿಲ್ಲ. ಈ ಕಪ್ಪಿಗೆ ಅಂಥ ಹಟವಿಲ್ಲ, ಯಾವುದರ ಮೇಲಾದರೂ ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಪ್ಪು.

ಕೊಳ್ಳಲು ಬಂದವನು ಪಕ್ಕದ ಊರಿನವನು. ಅವನ ತಂಗಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ ಅಡಿಗೆ ಇಣುಕಿ ನೋಡಿದ. ಎದ್ದು ಕೈ ಒರೆಸಿಕೊಳ್ಳುತ್ತಾ, “ಅಡಿ ಭಾರಿ ಚೆನ್ನಾಗಿ ಇಟ್ಕೊಂಡೀರಿ ಅಮ್ಮಾ. ಟೀಚರ್ ಮನೆ ಗಾಡಿ ಅಂದ್ರೆ ಕೇಳ್ಬೇಕಾ?” ಎಂದ. ಬಡಿದು ನೋಡಲಿಲ್ಲ. ನಾನು ಒಳಗೆ ಹೋಗಿ ಕಾಫಿ ತಂದುಕೊಟ್ಟೆ.

ಆ ರಾತ್ರಿ ಕೇಳಿದೆ: “ರೀ, ಅಡಿ ವಿಷಯ ಅವನಿಗೆ ಹೇಳಬೇಡವಾ?”

“ಹದಿನೆಂಟು ವರ್ಷದ ಗಾಡಿ. ತುಕ್ಕು ಇರತ್ತೆ ಅಂತ ಅವನಿಗೆ ಗೊತ್ತಿಲ್ವಾ? ಕೇಳಿದ್ರೆ ಹೇಳ್ತಿದ್ದೆ. ಕೇಳಲಿಲ್ಲ.”

ಇವರ ಮಾತಿಗೆ ಕಾನೂನಿನ ಬೆಂಬಲವೂ ಸ್ವಲ್ಪ ಇದೆ ಎನ್ನಿ. ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು 1930ರ ಸರಕು ಮಾರಾಟ ಕಾಯ್ದೆಯಲ್ಲೂ ಸಾಮಾನ್ಯ ನಿಯಮ, ಅದಕ್ಕೆ ಕೆಲವು ವಿನಾಯಿತಿಗಳಿದ್ದರೂ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದುವಾಗ ರೋಮಿನ ಸಿಸೆರೊ ತನ್ನ ಮಗನಿಗಾಗಿ ಬರೆದ ಕರ್ತವ್ಯದ ಪುಸ್ತಕದ ಬಗ್ಗೆ ನಮ್ಮ ಮೇಷ್ಟ್ರು ಹೇಳಿದ್ದರು. ಕ್ರಿಸ್ತಪೂರ್ವ 44ರ ಪುಸ್ತಕ. ಅದರಲ್ಲಿ ಒಬ್ಬ ಮನೆ ಮಾರುತ್ತಾನೆ. ಮರಮುಟ್ಟು ಲಡ್ಡಾಗಿದೆ, ಕೋಣೆಗಳಲ್ಲಿ ಹುಳಹುಪ್ಪಟೆ. ಅದು ಮಾರುವವನಿಗಲ್ಲದೆ ಯಾರಿಗೂ ಗೊತ್ತಿಲ್ಲ. ಹೇಳದೆ ಮಾರಬಹುದೇ? ಡಯೋಜಿನಿಸ್ ಎಂಬ ಪಂಡಿತ (ಪೀಪಾಯಿಯಲ್ಲಿ ವಾಸವಿದ್ದವನಲ್ಲ, ಬಾಬಿಲೋನಿನವನು) ಮಾರಬಹುದು ಎನ್ನುತ್ತಾನೆ. ಕೊಳ್ಳೆಂದು ಯಾರೂ ಬಲವಂತ ಮಾಡಲಿಲ್ಲ. ತನ್ನ ಸರಕಿನ ಹುಳುಕನ್ನು ತಾನೇ ಡಂಗುರ ಹೊಡೆಸುವ ಮೂರ್ಖ ಎಲ್ಲಾದರೂ ಉಂಟೇ ಎಂಬುದು ಅವನ ವಾದ. ಆಂಟಿಪೇಟರ್ ಎಂಬವನು ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವಾಗಿರುವಾಗ, ಇದು ತಿಳಿದೂ ತಿಳಿದೂ ಅವನನ್ನು ತಪ್ಪು ದಾರಿಗೆ ನೂಕುವುದಲ್ಲವೇ ಎನ್ನುತ್ತಾನೆ. ಪರೀಕ್ಷೆಗೆ ಇಬ್ಬರ ವಾದವನ್ನೂ ಬರೆದು ಅಂಕ ತೆಗೆದುಕೊಂಡಿದ್ದೆ. ಈಗ ಹಾಸಿಗೆಯಲ್ಲಿ ಮಲಗಿ ಯೋಚಿಸಿದರೆ, ನಮ್ಮ ಪರವಾಗಿ ಡಯೋಜಿನಿಸನೂ ನಿಲ್ಲಲಾರ ಅನ್ನಿಸಿತು. ಅವನ ಮನೆಮಾರುಗ ಬರೀ ಸುಮ್ಮನಿದ್ದ. ನಾವು ಬಣ್ಣ ಹೊಡೆಸಿದ್ದೆವು. ಕೇಳಿದ್ದರೆ ಹೇಳುತ್ತಿದ್ದೆವಂತೆ, ಅವನು ಕೇಳದ ಹಾಗೆ ಮಾಡಿದ್ದೇ ಆ ಕಪ್ಪು.

ಧರ್ಮರಾಯನ ಕಥೆ ನಿಮಗೆಲ್ಲ ಗೊತ್ತು. ಅವನ ರಥ ಸದಾ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ಅದರ ಅಡಿಗೆ ಕೆಸರು ತಾಗಿರಲಿಕ್ಕಿಲ್ಲ, ತೊಳೆಯುವ ಕೆಲಸವೂ ಇರಲಿಲ್ಲ. ಅಶ್ವತ್ಥಾಮ ಸತ್ತನೆಂದು ದ್ರೋಣರಿಗೆ ಕೇಳುವ ಹಾಗೆ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ ಆ ದಿನ ರಥ ನೆಲಕ್ಕೆ ಇಳಿಯಿತು. ಕಥೆ ಹೇಳುವವರು ಕೃಷ್ಣನ ಶಂಖವನ್ನೂ ಸೇರಿಸುತ್ತಾರೆ, ಆನೆಯ ಮಾತು ಆ ಸದ್ದಿನಲ್ಲಿ ಮುಚ್ಚಿಹೋಯಿತೆಂದು. ನಮ್ಮ ಜೀಪಿಗೆ ಹೊಡೆಸಿದ ಕಪ್ಪು ಆ ಶಂಖದಂತೆಯೇ ಕಂಡಿತು. ಆದರೂ ಬೆಳಿಗ್ಗೆ ಎದ್ದು ನಾನು ಮಾಡಿದ್ದೇನು? ಏನೂ ಇಲ್ಲ. ಆರ್‌ಸಿ ಅವನ ಹೆಸರಿಗಾಯಿತು. 1,15,000 ರೂಪಾಯಿ ಬಂತು, ಅತ್ತೆಯವರ ಔಷಧಿಗೂ ಮಗನ ಫೀಸಿಗೂ ಸರಿಹೋಯಿತು. ದೂರದ ತಪ್ಪು ದಿನ ಕಳೆದಂತೆ ಚಿಕ್ಕದಾಗುತ್ತದೆ, ನಿಮಗೂ ಅನುಭವವಿರಬಹುದು.

ಅದು ದೂರ ಉಳಿಯಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದಾಗ ಗೇಟಿನ ಮುಂದೆ ಅದೇ ಜೀಪು ಬಂದು ನಿಂತಿತು. ತೋಟದ ಕೆಲಸಕ್ಕೆಂದು ಕೊಂಡವನು, ಊರಿನವರು ಕೇಳಿಕೊಂಡರೆಂದು ಶಾಲೆಯ ಮಕ್ಕಳನ್ನೂ ಕರೆತರತೊಡಗಿದ್ದ. ಹಿಂದಿನಿಂದ ಒಂದೊಂದೇ ಇಳಿದವು. ಎಣಿಸಿದೆ, ಹದಿನಾಲ್ಕು. ಅವನ ಮಗಳೂ ಅದರಲ್ಲಿದ್ದಳು, ಒಂದನೇ ತರಗತಿ.

ಅಂದಿನಿಂದ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಕಿವಿ ರಸ್ತೆಯ ಕಡೆಗೇ. ಆ ಊರಿನಿಂದ ಬರುವ ದಾರಿಯಲ್ಲಿ ಹಳ್ಳದ ಪಕ್ಕ ಒಂದು ಇಳಿಜಾರಿನ ತಿರುವಿದೆ. ಎಡಗಡೆಯ ಸ್ಪ್ರಿಂಗು ಚಾಸಿಯಿಂದ ಕಿತ್ತು ಬಂದರೆ ಹಿಂದಿನ ಚಕ್ರವೇ ಪಕ್ಕಕ್ಕೆ ಸರಿಯುತ್ತದೆ. ಜೀಪು ಬಂದು ನಿಂತ ಸದ್ದು ಕೇಳಿದರೆ ಹಾಜರಿ ಪುಸ್ತಕ ತೆರೆಯುತ್ತಿದ್ದೆ. ಹತ್ತು ನಿಮಿಷ ತಡವಾದರೆ ಬಾಯಿ ಒಣಗುತ್ತಿತ್ತು. ಇಷ್ಟು ದಿನ ಏನೂ ಆಗಿಲ್ಲ, ಇನ್ನೂ ಆಗಲಾರದು ಎಂದುಕೊಳ್ಳುವೆ. ತುಕ್ಕು ರಜೆ ತೆಗೆದುಕೊಳ್ಳುವುದಿಲ್ಲವೆಂದು ಪಾಠ ಹೇಳುವವಳೂ ನಾನೇ. ಹೀಗೆ ಐದು ವಾರ ಕಳೆದೆ. ಐದು ವಾರ! ಇದನ್ನು ಬರೆಯುವಾಗಲೂ ನನಗೆ ನಾಚಿಕೆ. ಹೇಳಿದರೆ ಅವನ ಮುಂದೆ ಟೀಚರ್ ಎಂಬ ಮರ್ಯಾದೆ ಹೋಗುತ್ತದೆ, ಇವರ ಮರ್ಯಾದೆಯೂ ಹೋಗುತ್ತದೆ. ನನ್ನನ್ನು ತಡೆದದ್ದು ಇಷ್ಟೇ.

ಪುನರ್ವಸು ಮಳೆ ಜೋರಾಗಿದ್ದ ಒಂದು ಭಾನುವಾರ, ಸಂಬಳದಿಂದ ತೆಗೆದಿಟ್ಟ ಹತ್ತು ಸಾವಿರ ರೂಪಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಇವರಿಗೆ ಹೇಳಿಯೇ ಹೊರಟೆ. “ನನ್ನ ಮೂಗು ಕೊಯ್ಯಬೇಕೂಂತ ಹೊರಟೀಯಾ?” ಎಂದರು. ತಡೆಯಲಿಲ್ಲ.

ಅವನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದು, “ಮಗು ಏನಾದ್ರೂ ತಪ್ಪು ಮಾಡ್ತಾ ಟೀಚರ್?” ಎಂದು ಕೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆದುರಿತು. ಜೀಪಿನ ಹಿಂದೆ ಹೋಗಿ, “ಒಂದು ಸ್ಕ್ರೂಡ್ರೈವರ್ ತಗೊಂಡು ಬನ್ನಿ” ಎಂದೆ. ಜಾಗ ತೋರಿಸಿದೆ. ಅವನೇ ಒತ್ತಿದ. ಕಪ್ಪು ಸಿಪ್ಪೆ ಎದ್ದು ಬಂತು, ಅದರ ಹಿಂದೆಯೇ ಕೆಂಪು ನೀರು ತೊಟ್ಟಿಕ್ಕಿತು.

“ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ಮಗಳೂ ಇದರಲ್ಲೇ ಕೂರ್ತಾಳೆ. ನೀವು ದಿನಾ ಗೇಟಿನ ಹತ್ರ ನಿಂತು ನೋಡ್ತಿದ್ರಿ” ಎಂದ. ಬೈದಿದ್ದರೆ ಹಗುರಾಗುತ್ತಿತ್ತೇನೋ. ದುಡ್ಡು ಕೊಟ್ಟೆ. ಬೇಡವೆನ್ನುತ್ತಾನೆಂದು ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿತ್ತು, ನಮ್ಮ ಕಥೆಗಳಲ್ಲಿ ಹಾಗೆಯೇ ಆಗುತ್ತದಲ್ಲ. ಅವನು ತೆಗೆದುಕೊಂಡ, ಎಣಿಸಿದ. ಕೊಳೆತ ಭಾಗ ಕೊಯ್ದು ಪ್ಲೇಟು ಕೂರಿಸಿ ವೆಲ್ಡಿಂಗ್ ಮಾಡಿಸಲು ಸಾಕಾಗದಿದ್ದರೆ ಹೇಳಿ ಕಳಿಸುತ್ತೇನೆಂದ. ಅವನ ಹೆಂಡತಿ ಕಾಫಿಗೆ ಕೂರಿ ಎಂದಳು. ಅವನು ಕೂರಿ ಎನ್ನಲಿಲ್ಲ.

ಮರುದಿನ ಜೀಪು ಬರಲಿಲ್ಲ. ಹದಿನಾಲ್ಕು ಮಕ್ಕಳೂ ಎರಡೂವರೆ ಕಿಲೋಮೀಟರು ಮಳೆಯಲ್ಲಿ ನಡೆದು, ಚೀಲವನ್ನು ಹೊಟ್ಟೆಗೆ ಅವಚಿಕೊಂಡು ತೊಯ್ದು ಬಂದವು. ಮೂರನೇ ದಿನ ಎರಡು ಮಕ್ಕಳಿಗೆ ಜ್ವರ, ಬರಲೇ ಇಲ್ಲ. ಐದನೇ ತರಗತಿಯ ಹುಡುಗಿಯೊಬ್ಬಳು ಲಂಗ ಹಿಂಡುತ್ತಾ ನನ್ನ ಮೇಜಿನ ಹತ್ತಿರ ನಿಂತು, “ಟೀಚರ್, ಜೀಪು ಯಾಕೆ ಬರ್ತಿಲ್ಲ?” ಎಂದು ಕೇಳಿದಳು.

“ರಿಪೇರಿಗೆ ಹೋಗಿದೆ” ಎಂದೆ. ಅದೇನೂ ಸುಳ್ಳಲ್ಲ.